ಸೂತ್ರದ ಗೊಂಬೆ ನಡೆಯುವುದು ಹೇಗೆ?

ನಾವು ಮಾಡಿದ ಮೊದಲ ಸೂತ್ರದ ಗೊಂಬೆ ಭೀಮಸೇನನದು. ಎತ್ತರ 45 ಸೆಂಟಿಮೀಟರು. ಮುಖಕ್ಕೆ ಎರಡು ವಾರ ಹಿಡಿಯಿತು. ಮೀಸೆಗೆ ಮೂರು ದಿನ. ಕಿರೀಟ, ಭುಜಕೀರ್ತಿ, ಗದೆ ಯಾವುದಕ್ಕೂ ಕೊರತೆಯಿರಲಿಲ್ಲ. ಹಗುರವಾಗಿದ್ದರೆ ಕೈ ನೋಯಲಾರದೆಂದು ಎಣಿಸಿ ಮೈಯನ್ನೆಲ್ಲ ಬೆಂಡಿನಿಂದ ಮಾಡಿದ್ದೆವು. ಒಟ್ಟು ತೂಕ 120 ಗ್ರಾಂ. ಶಾಲೆಯೊಂದರ ಮಕ್ಕಳ ಮುಂದೆ ಪರದೆ ಸರಿದಾಗ ಭೀಮನು ರಂಗದ ಮೇಲೆ ಕಾಲಿಟ್ಟನೆಂದು ಹೇಳುವಂತಿಲ್ಲ. ಏಕೆಂದರೆ ಅವನ ಕಾಲು ನೆಲಕ್ಕೆ ತಾಗಲೇ ಇಲ್ಲ. ದುರ್ಯೋಧನನ ತೊಡೆ ಮುರಿಯಬೇಕಾದವನು ಗಾಳಿಪಟದಂತೆ ತೇಲಾಡಿದನು. ಮೊಣಕಾಲಿನ ದಾರವನ್ನು ಎಳೆದರೆ ಸೊಂಟವೂ ಜೊತೆಗೆ ಮೇಲೇಳುವುದು. ಬಿಟ್ಟರೆ ಕಾಲು ಕೆಳಗಿಳಿಯದೆ ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿಕೊಂಡು ನಿಲ್ಲುವುದು. ಮಕ್ಕಳು ನಕ್ಕರು. ನಗಬೇಕಾದ ಪ್ರಸಂಗವಲ್ಲ ಅದು.

ಆಟ ಮುಗಿದ ಮೇಲೆ ವಯಸ್ಸಾದ ಒಬ್ಬ ಗೊಂಬೆಯಾಟದವರು ಒಳಗೆ ಬಂದು ಭೀಮನನ್ನು ಕೈಗೆ ತೆಗೆದುಕೊಂಡರು. ಮುಖವನ್ನು ಅವರು ನೋಡಲಿಲ್ಲ. ಮೊದಲು ಅಂಗೈಯಲ್ಲಿಟ್ಟು ತೂಗಿ ನೋಡಿದರು. ಆಮೇಲೆ ಸೊಂಟವನ್ನು ಹಿಡಿದು ಎರಡು ಕಾಲುಗಳನ್ನೂ ಅಲ್ಲಾಡಿಸಿದರು. "ಮುಖ ಚೆನ್ನಾಗೇ ಇರಬೇಕು ಸ್ವಾಮಿ, ಆದರೆ ಇವನಿಗೆ ಕಾಲೇ ಇಲ್ಲವಲ್ಲ" ಎಂದರು. ಆ ಒಂದು ಮಾತಿನ ಅರ್ಥ ನಮಗೆ ಆಗಬೇಕಾದರೆ ಕಾಲೇಜಿನಲ್ಲಿ ಓದಿ ಮರೆತಿದ್ದ ಲೋಲಕದ ಪಾಠವನ್ನು ಮತ್ತೆ ತೆರೆಯಬೇಕಾಯಿತು. ಗೊಂಬೆ ಮಾಡಲು ಹೊರಡುವ ವಿದ್ಯಾರ್ಥಿಗಳು ಮುಖದಿಂದ ಪ್ರಾರಂಭಿಸುವುದೇ ವಾಡಿಕೆ. ನಾವು ಇಲ್ಲಿ ಕಾಲಿನಿಂದ ಪ್ರಾರಂಭಿಸುವೆವು.

ದಾರಕ್ಕೆ ಎಳೆಯುವುದು ಗೊತ್ತು, ನೂಕುವುದು ಗೊತ್ತಿಲ್ಲ. ಇಡೀ ವಿದ್ಯೆಯ ಬುಡ ಇಷ್ಟೆ. ದಾರವನ್ನು ಎತ್ತಿದರೆ ಗೊಂಬೆಯ ಕೈ ಮೇಲೇಳುತ್ತದೆ. ಆದರೆ ಎತ್ತಿದ ಕೈಯನ್ನು ಕೆಳಗಿಳಿಸುವ ಶಕ್ತಿ ದಾರದಲ್ಲಿಲ್ಲ. ಆ ಕೆಲಸವನ್ನು ಭೂಮಿ ಮಾಡಬೇಕು. ಇದು ವಿಚಿತ್ರವೆಂದು ತೋರಿದರೆ ನಮ್ಮ ಶರೀರವನ್ನೇ ನೋಡಿಕೊಳ್ಳೋಣ. ನಮ್ಮ ಸ್ನಾಯುಗಳೂ ದಾರದಂತೆಯೇ: ಅವು ಸಂಕುಚಿಸಿ ಎಳೆಯಬಲ್ಲವು, ಹಿಗ್ಗಿ ನೂಕಲಾರವು. ಆದುದರಿಂದಲೇ ಅವು ಜೊತೆಜೊತೆಯಾಗಿ ಇರುತ್ತವೆ. ತೋಳಿನ ಮುಂಭಾಗದ ಸ್ನಾಯು ಮೊಣಕೈಯನ್ನು ಮಡಿಸಿದರೆ ಹಿಂಭಾಗದ ಸ್ನಾಯು ಅದನ್ನು ನೀಡುತ್ತದೆ. ಗೊಂಬೆಗೆ ಈ ಜೋಡಿಯಲ್ಲಿ ಒಂದನ್ನು ಮಾತ್ರ ನಾವು ದಾರದ ರೂಪದಲ್ಲಿ ಕೊಡುತ್ತೇವೆ. ಎರಡನೆಯದು ಗುರುತ್ವಾಕರ್ಷಣೆ. ತೂಕವಿಲ್ಲದ ಗೊಂಬೆಯೆಂದರೆ ಅರ್ಧ ಸ್ನಾಯುಗಳನ್ನು ಕಳೆದುಕೊಂಡ ರೋಗಿಯೇ ಸರಿ. ಭೂಮಿಯನ್ನು ಸುತ್ತುವ ವ್ಯೋಮನೌಕೆಯೊಳಗೆ ಸೂತ್ರದ ಗೊಂಬೆಯಾಟ ನಡೆಯಲಾರದು. ಎತ್ತಿದ ಕೈ ಎತ್ತಿದಂತೆಯೇ ಉಳಿದೀತು. ಕೋಲಿನ ಗೊಂಬೆ ಅಲ್ಲಿಯೂ ಆಡೀತು, ಏಕೆಂದರೆ ಕೋಲು ನೂಕಬಲ್ಲದು.

ಇನ್ನು ಲೋಲಕದ ಮಾತು. ಗೊಂಬೆಯ ಕಾಲು ಸೊಂಟದಿಂದ ತೂಗುವ ಒಂದು ಲೋಲಕ. ಲೋಲಕವು ಒಮ್ಮೆ ಹೋಗಿ ಬರಲು ಹಿಡಿಯುವ ಕಾಲ ಅದರ ಉದ್ದದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ ಎಂಬುದನ್ನು ಪ್ರೌಢಶಾಲೆಯಲ್ಲಿ ಎಲ್ಲರೂ ಕಲಿತಿರುತ್ತಾರೆ. ದಾರದ ತುದಿಗೆ ಗುಂಡು ಕಟ್ಟಿದ ಲೋಲಕ 1 ಮೀಟರ್ ಉದ್ದವಿದ್ದರೆ ಹೋಗಿ ಬರಲು ಸುಮಾರು 2 ಸೆಕೆಂಡು. 25 ಸೆಂಟಿಮೀಟರಿದ್ದರೆ 1 ಸೆಕೆಂಡು. ಉದ್ದ ನಾಲ್ಕನೆಯ ಒಂದು ಭಾಗವಾದರೆ ಕಾಲ ಅರ್ಧ. ಹಾಗಾದರೆ ನಮ್ಮ ಎತ್ತರದ ಕಾಲುಭಾಗದಷ್ಟಿರುವ ಗೊಂಬೆಯ ಕಾಲು ನಮ್ಮ ಕಾಲಿಗಿಂತ ಎರಡರಷ್ಟು ಬೇಗ ತೂಗುವುದು ಸಹಜ. ಚಿಕ್ಕ ಗೊಂಬೆಗಳೆಲ್ಲ ಏಕೆ ಅವಸರದಲ್ಲಿರುವಂತೆ ಕಾಣುತ್ತವೆ, ದೊಡ್ಡವು ಏಕೆ ಗಂಭೀರವಾಗಿರುತ್ತವೆ ಎಂಬುದಕ್ಕೆ ಇದೇ ಕಾರಣ.

ಇಲ್ಲಿ ಚುರುಕಾದ ವಿದ್ಯಾರ್ಥಿಯೊಬ್ಬನು ತಡೆದು ಕೇಳಬಹುದು: "ಲೋಲಕದ ಕಾಲ ಅದರ ತೂಕವನ್ನು ಅವಲಂಬಿಸುವುದಿಲ್ಲವಷ್ಟೆ? ಬೆಂಡಿನ ಕಾಲಾದರೇನು, ಕಬ್ಬಿಣದ ಕಾಲಾದರೇನು?" ಪ್ರಶ್ನೆ ನ್ಯಾಯವಾದುದೇ. ಉತ್ತರದಲ್ಲಿ ಎರಡು ಭಾಗಗಳಿವೆ. ಒಂದು: ಪುಸ್ತಕದ ಲೋಲಕಕ್ಕೆ ಘರ್ಷಣೆಯಿಲ್ಲ, ಮೈಮೇಲೆ ಜರಿಯ ಕಚ್ಚೆಯೂ ಇಲ್ಲ. ಗೊಂಬೆಯ ಕಾಲು ಕೀಲಿನ ತಿಕ್ಕಾಟವನ್ನೂ ಬಟ್ಟೆಯ ಬಿಗಿತವನ್ನೂ ದಾರದ ಸೆಡೆತವನ್ನೂ ಗೆದ್ದು ಕೆಳಗಿಳಿಯಬೇಕು. ಈ ವಿರೋಧಗಳು ಗೊಂಬೆ ಹಗುರವಾದಷ್ಟಕ್ಕೆ ಕಡಮೆಯಾಗುವುದಿಲ್ಲ. ಗೆಲ್ಲುವ ಬಲ ಮಾತ್ರ ಕಡಮೆಯಾಗುತ್ತದೆ. ನಮ್ಮ ಭೀಮನು ಸೋತದ್ದು ಇಲ್ಲಿಯೇ. ಎರಡು: ಎಷ್ಟು ತೂಕವೆಂಬುದಕ್ಕಿಂತ ಎಲ್ಲಿ ತೂಕವೆಂಬುದು ಮುಖ್ಯ. 22 ಸೆಂಟಿಮೀಟರ್ ಉದ್ದದ, ಉದ್ದಕ್ಕೂ ಸಮನಾದ ಮರದ ಕಡ್ಡಿಯನ್ನು ಮೇಲ್ತುದಿಯಿಂದ ತೂಗಬಿಟ್ಟರೆ ಅದು ಹೋಗಿ ಬರಲು 0.77 ಸೆಕೆಂಡು ಸಾಕು. ಅದೇ ಕಡ್ಡಿಯ ಕೆಳತುದಿಗೆ ಭಾರವಾದ ಕಬ್ಬಿಣದ ನಟ್ಟನ್ನು ಕಟ್ಟಿದರೆ ಕಾಲವು 0.9 ಸೆಕೆಂಡನ್ನು ಮುಟ್ಟುತ್ತದೆ. ಪಾದದಲ್ಲಿ ತೂಕವಿಟ್ಟರೆ ಕಾಲಿನ ಉದ್ದ ಹೆಚ್ಚಿದಂತೆಯೇ ಆಯಿತು. ನಡಿಗೆ ನಿಧಾನವಾಗುತ್ತದೆ, ಹೆಜ್ಜೆಗೆ ಗಾಂಭೀರ್ಯ ಬರುತ್ತದೆ. ಇದನ್ನು ಮೊಳೆಗೆ ತೂಗಿಸಿದ ಅಳತೆಪಟ್ಟಿಯಿಂದಲೂ ಗಡಿಯಾರದಿಂದಲೂ ಯಾರಾದರೂ ಪರೀಕ್ಷಿಸಬಹುದು. ಇಪ್ಪತ್ತು ತೂಗಾಟಗಳನ್ನು ಎಣಿಸಿ ಭಾಗಿಸಿದರೆ ಲೆಕ್ಕ ತಪ್ಪುವುದಿಲ್ಲ.

1810 ರಲ್ಲಿ ಜರ್ಮನಿಯ ಲೇಖಕ ಹೈನ್ರಿಖ್ ಫಾನ್ ಕ್ಲೈಸ್ಟ್ ಎಂಬಾತನು ಸೂತ್ರದ ಗೊಂಬೆಗಳ ರಂಗಭೂಮಿಯನ್ನು ಕುರಿತು ಚಿಕ್ಕದೊಂದು ಪ್ರಬಂಧವನ್ನು ಬರೆದನು. ಅದರಲ್ಲಿ ಬರುವ ನರ್ತಕನು, ಪ್ರತಿಯೊಂದು ಚಲನೆಗೂ ಒಂದು ಗುರುತ್ವಕೇಂದ್ರವುಂಟೆಂದೂ ಅದನ್ನು ನಡೆಸಿದರೆ ಸಾಕು, ಕೈಕಾಲುಗಳು ಲೋಲಕಗಳಾಗಿ ತಾವಾಗಿಯೇ ಹಿಂಬಾಲಿಸುವುವೆಂದೂ ವಾದಿಸುತ್ತಾನೆ. ಕ್ಲೈಸ್ಟನಿಗೆ ಬೇಕಾಗಿದ್ದುದು ತತ್ತ್ವಶಾಸ್ತ್ರ; ಆದರೆ ಭೌತಶಾಸ್ತ್ರವೂ ಸರಿಯಾಗಿಯೇ ಇದೆ.

ಈಗ ಕೈಕೆಲಸಕ್ಕೆ ಬರೋಣ. ಮೊದಲ ಗೊಂಬೆಗೆ 45 ಸೆಂಟಿಮೀಟರು ಒಳ್ಳೆಯ ಅಳತೆ. ಇದರಲ್ಲಿ ತಲೆಗೆ 8, ಕುತ್ತಿಗೆಗೆ 1, ಮುಂಡಕ್ಕೆ 14, ಕಾಲಿಗೆ 22 ಎಂದು ಹಂಚಬಹುದು. ಮನುಷ್ಯನಿಗಿಂತ ತಲೆ ಸ್ವಲ್ಪ ದೊಡ್ಡದಾಯಿತೆಂದು ಆಕ್ಷೇಪಿಸಬೇಡಿರಿ. ಹಿಂದಿನ ಸಾಲಿನಲ್ಲಿ ಕುಳಿತವರಿಗೂ ಮುಖ ಕಾಣಬೇಕು. ಅಂಗೈಗಳನ್ನೂ ಹಾಗೆಯೇ ಕೊಂಚ ದೊಡ್ಡದಾಗಿ ಮಾಡಿರಿ.

ಕಾಲುಗಳಿಗೆ ಮರವೇ ಆಗಬೇಕು. ಚನ್ನಪಟ್ಟಣದ ಆಟಿಕೆಗಳನ್ನು ಕಡೆಯುವ ಆಲೆ ಮರ ಸಿಕ್ಕಿದರೆ ಅದೃಷ್ಟ. ಇಲ್ಲವಾದರೆ ಬಡಗಿಯ ಅಂಗಡಿಯಲ್ಲಿ ಉಳಿದ ಯಾವ ನೇರವಾದ ತುಂಡಾದರೂ ಸಾಕು. ಮೊಣಕಾಲಿನ ಕೀಲಿನಲ್ಲಿ ಎಚ್ಚರ ಬೇಕು. ತೊಡೆಯ ಕೆಳತುದಿಗೂ ಮೊಣಕಾಲಿನ ಕೆಳಗಿನ ತುಂಡಿನ ಮೇಲ್ತುದಿಗೂ ಗರಗಸದಿಂದ ಸೀಳು ಕೊಯ್ದು, ಒಂದು ತೊಗಲಿನ ಪಟ್ಟಿಯನ್ನು ಎರಡರಲ್ಲಿಯೂ ತೂರಿಸಿ, ಅಡ್ಡಲಾಗಿ ಚಿಕ್ಕ ಮೊಳೆ ಹೊಡೆಯಬೇಕು. ಹಿಂಬದಿಯ ಅಂಚುಗಳನ್ನು ಇಳಿಜಾರಾಗಿ ಕೆತ್ತಿ ಮುಂಬದಿಯ ಅಂಚುಗಳನ್ನು ಚಪ್ಪಟೆಯಾಗಿಯೇ ಬಿಟ್ಟರೆ ಕಾಲು ಹಿಂದಕ್ಕೆ ಮಾತ್ರ ಮಡಿಯುತ್ತದೆ. ಮುಂದಕ್ಕೆ ಮಡಿಯಹೋದರೆ ಮರಕ್ಕೆ ಮರ ತಾಗಿ ತಡೆಯುತ್ತದೆ. ನಮ್ಮ ಮೊಣಕಾಲಿನಲ್ಲಿಯೂ ಪ್ರಕೃತಿ ಇಂಥದೇ ಒಂದು ತಡೆಯನ್ನು ಇಟ್ಟಿದೆಯಷ್ಟೆ. ಸೊಂಟದ ತುಂಡಿಗೆ ಅಡ್ಡಲಾಗಿ ಗಟ್ಟಿ ತಂತಿಯೊಂದನ್ನು ಹಾಯಿಸಿ ಎರಡು ತೊಡೆಗಳನ್ನೂ ಅದರಲ್ಲಿ ಪೋಣಿಸಿದರೆ ಕಾಲುಗಳು ಹಿಂದೆ ಮುಂದೆ ತೂಗುವುವೇ ಹೊರತು ಪಕ್ಕಕ್ಕೆ ಒಲೆಯುವುದಿಲ್ಲ.

ಮುಂಡವನ್ನು ಒಂದೇ ತುಂಡಾಗಿ ಮಾಡಬಾರದು. ಎದೆ ಬೇರೆ, ಸೊಂಟ ಬೇರೆ. ನಡುವೆ ಗಟ್ಟಿ ಬಟ್ಟೆಯ ಅಥವಾ ಹುರಿಯ ಸಂಬಂಧ. ಸೊಂಟವು ಎದೆಗಿಂತ ಭಾರವಾಗಿರಬೇಕು. ಮೊಣಕಾಲನ್ನು ಎತ್ತಿದಾಗ ಸೊಂಟವು ಅಲುಗಾಡದೆ ಕೆಳಗೆ ಹಿಡಿದು ನಿಂತರೆ ಮಾತ್ರ ತೊಡೆ ಕೀಲಿನಲ್ಲಿ ತಿರುಗುತ್ತದೆ. ಸೊಂಟ ಹಗುರವಾದರೆ ತೊಡೆಯೊಡನೆ ಅದೂ ಎದ್ದುಬಿಡುತ್ತದೆ. ಎರಡನೆಯ ಭೀಮನಿಗೆ ನಾವು ಎದೆಗೆ 70 ಗ್ರಾಂ, ಸೊಂಟಕ್ಕೆ 110 ಗ್ರಾಂ ಇರಿಸಿದೆವು. ಒಟ್ಟು ತೂಕ 450 ಗ್ರಾಂ ಆಯಿತು. ತೂಕಕ್ಕೆ ಮೀನುಗಾರರ ಸೀಸದ ಗುಂಡುಗಳನ್ನು ಹಿಂದೆ ಬಳಸುತ್ತಿದ್ದುದುಂಟು. ಸೀಸವು ವಿಷವಾದ್ದರಿಂದ ಕಬ್ಬಿಣದ ನಟ್ಟುಗಳನ್ನೇ ಬಳಸಿರಿ. ಅಂಗೈಗಳಲ್ಲಿಯೂ ಒಂದೊಂದು ಚಿಕ್ಕ ನಟ್ಟನ್ನು ಹುದುಗಿಸುವುದನ್ನು ಮರೆಯಬಾರದು. ಎತ್ತಿದ ಕೈ ಇಳಿಯಬೇಕಲ್ಲ!

ಕೀಲುಗಳೆಲ್ಲ ಕೂಡಿದ ಮೇಲೆ, ಬಣ್ಣ ಬಟ್ಟೆಗಳ ಯೋಚನೆ ಮಾಡುವ ಮೊದಲು, ಒಂದು ಪರೀಕ್ಷೆಯುಂಟು. ಸೊಂಟವನ್ನು ಹಿಡಿದು ಒಂದು ಕಾಲನ್ನು ಮುಂದಕ್ಕೆತ್ತಿ ಬಿಡಿರಿ. ಅದು ಹಲವು ಬಾರಿ ತಾನಾಗಿಯೇ ತೂಗಿ ಆಮೇಲೆ ನಿಲ್ಲಬೇಕು. ಒಂದೆರಡು ಬಾರಿಗೆ ನಿಂತರೆ ಕೀಲು ಬಿಗಿಯಾಗಿದೆ, ಉಪ್ಪುಕಾಗದದಿಂದ ಉಜ್ಜಬೇಕು. ಆ ಹಿರಿಯರು ನಮ್ಮ ಭೀಮನಿಗೆ ಮಾಡಿದ ಪರೀಕ್ಷೆ ಇದೇ.

ತಲೆಗೆ ಕಾಗದದ ಮುದ್ದೆ ಚೆನ್ನಾಗಿ ಒದಗುತ್ತದೆ. ಹಳೆಯ ಪತ್ರಿಕೆಯನ್ನು ಚೂರುಮಾಡಿ ರಾತ್ರಿಯೆಲ್ಲ ನೆನೆಹಾಕಿ, ರುಬ್ಬಿ, ಹಿಂಡಿ, ಅಂಟು ಕಲಸಬೇಕು. ಮೆಂತ್ಯದ ಹಿಟ್ಟನ್ನಾಗಲಿ, ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಬಳಸುವಂತೆ ಹುಣಸೆಬೀಜವನ್ನು ಅರೆದು ಕುದಿಸಿದ ಅಂಟನ್ನಾಗಲಿ ಸೇರಿಸಬಹುದು. ಕುತ್ತಿಗೆಗೆ ಉಂಗುರವಿರುವ ಎರಡು ತಿರುಪುಮೊಳೆಗಳನ್ನು ಒಂದರೊಳಗೊಂದು ಸಿಕ್ಕಿಸಿದರೆ ತಲೆ ಎಲ್ಲ ಕಡೆಗೂ ಆಡುತ್ತದೆ. ಮುಖ ಬರೆಯುವ ವಿಷಯದಲ್ಲಿ ನಾವು ಹೇಳುವುದು ಹೆಚ್ಚೇನೂ ಇಲ್ಲ. ನಗುವೂ ಅಳುವೂ ಅಲ್ಲದ ಮುಖ ಎರಡಕ್ಕೂ ಒದಗುತ್ತದೆ.

ದಾರಗಳನ್ನು ಕಟ್ಟುವ ಹಿಡಿಯಲ್ಲಿ ನಾನಾ ಬಗೆಗಳಿವೆ. ರಾಜಸ್ಥಾನದ ಕಠಪುತಲಿಯವರಿಗೆ ಹಿಡಿಯೇ ಬೇಡ. ಎರಡರಿಂದ ಐದರವರೆಗಿನ ದಾರಗಳನ್ನು ನೇರವಾಗಿ ಬೆರಳುಗಳಿಗೆ ಸುತ್ತಿಕೊಳ್ಳುತ್ತಾರೆ. ಅವರ ಗೊಂಬೆಗಳಿಗೆ ಕಾಲಿಲ್ಲ, ನೆಲ ಗುಡಿಸುವ ಲಂಗವಿದೆ. ಆದ್ದರಿಂದ ನಡಿಗೆಯ ಕಷ್ಟವೇ ಅವರಿಗಿಲ್ಲ. ಕಾಲಿಲ್ಲದುದನ್ನೇ ಗುಣವಾಗಿ ಮಾಡಿಕೊಂಡ ಆ ಜಾಣತನವನ್ನು ಮೆಚ್ಚಬೇಕು. ತಮಿಳುನಾಡಿನ ಬೊಮ್ಮಲಾಟ್ಟಮ್ ಇದಕ್ಕೆ ತೀರ ವಿರುದ್ಧ. ಅಲ್ಲಿ ನಾಲ್ಕೂವರೆ ಅಡಿ ಎತ್ತರದ, ಹತ್ತು ಕಿಲೋಗ್ರಾಂ ತೂಗುವ ಗೊಂಬೆಗಳುಂಟು. ಅಷ್ಟು ಭಾರವನ್ನು ಚಾಚಿದ ಕೈಯಲ್ಲಿ ಎಷ್ಟು ಹೊತ್ತು ಹಿಡಿದಾರು? ಅವರು ದಾರಗಳನ್ನು ಕಬ್ಬಿಣದ ಬಳೆಗೆ ಕಟ್ಟಿ ಆ ಬಳೆಯನ್ನು ಕಿರೀಟದಂತೆ ತಲೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಭಾರವು ಬೆನ್ನೆಲುಬಿನ ಮೂಲಕ ನೇರವಾಗಿ ನೆಲಕ್ಕಿಳಿಯುತ್ತದೆ. ಬಿಡುವಾದ ಎರಡು ಕೈಗಳೂ ಗೊಂಬೆಯ ಕೈಗಳನ್ನು ಕೋಲುಗಳಿಂದ ಆಡಿಸುತ್ತವೆ. ತಲೆಯ ಮೇಲೆ ಕೊಡ ಹೊರುವವರಿಗೆ ಈ ಯಂತ್ರಶಾಸ್ತ್ರ ಗೊತ್ತಿರುವುದೇ.

ಕುಂದಾಪುರದ ಸಮೀಪದ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಗಳು ಬೇರೆಯೇ ಒಂದು ದಾರಿ ಹಿಡಿದಿವೆ. ದೇವಣ್ಣ ಪದ್ಮನಾಭ ಕಾಮತರೂ ಅವರ ಮಗ ಕೊಗ್ಗ ದೇವಣ್ಣ ಕಾಮತರೂ ಪ್ರಸಿದ್ಧಿಗೆ ತಂದ ಈ ಗೊಂಬೆಗಳು ಬಡಗುತಿಟ್ಟಿನ ವೇಷವನ್ನು ಧರಿಸಿ, ಭಾಗವತರ ಪದಕ್ಕೆ ಚಂಡೆ ಮದ್ದಳೆಗಳ ಗತ್ತಿನಲ್ಲಿ ಹೆಜ್ಜೆ ಹಾಕುತ್ತವೆ. ನಮ್ಮ ನಾಡಿನ ಸೂತ್ರದ ಗೊಂಬೆಗಳಲ್ಲಿ ಭುಜ, ಮೊಣಕೈ, ಸೊಂಟ, ಮೊಣಕಾಲುಗಳಿಗೆ ಕೀಲುಗಳಿದ್ದು, ಐದರಿಂದ ಏಳು ದಾರಗಳು ಒಂದು ಹಿಡಿಗೆ ಸೇರಿರುತ್ತವೆ. ಕಠಿನವಾದ ಕುಣಿತಕ್ಕೆ ಇಬ್ಬರು ಮೂವರು ಸೇರಿ ಒಂದೇ ಗೊಂಬೆಯನ್ನು ಆಡಿಸುವುದೂ ಉಂಟು. ಪುಸ್ತಕದಲ್ಲಿ ಓದಿ ತಿಳಿಯದ ಸೂಕ್ಷ್ಮಗಳು ಇಂಥ ಮೇಳಗಳ ಕೈಯಲ್ಲಿವೆ. ಅವು ಮನೆತನದಿಂದ ಮನೆತನಕ್ಕೆ, ಕೈಯಿಂದ ಕೈಗೆ ಬಂದವು; ಒಂದು ಮನೆಯಲ್ಲಿ ಕಲಿಯುವವರಿಲ್ಲವಾದರೆ ಅಲ್ಲಿಗೆ ಮುಗಿಯಿತು. ಅವಕಾಶ ಸಿಕ್ಕಿದವರು ರಂಗದ ಮುಂದೆ ಒಮ್ಮೆ ಕುಳಿತು ನೋಡಿ, ಅನುಮತಿ ಕೇಳಿ ರಂಗದ ಹಿಂದೆಯೂ ಒಮ್ಮೆ ನಿಂತು ನೋಡಬೇಕು. ನಾವು ಬೆಂಡಿನ ಭೀಮನನ್ನು ಮಾಡುವ ಮೊದಲೇ ಹಾಗೆ ನೋಡಿದ್ದರೆ ಎಷ್ಟೋ ಶ್ರಮ ಉಳಿಯುತ್ತಿತ್ತು.

ಮೊದಲು ಕಲಿಯುವವರಿಗೆ ನಾವು ಸೂಚಿಸುವ ಹಿಡಿ ಒಂಬತ್ತು ದಾರಗಳದು. 25 ಸೆಂಟಿಮೀಟರ್ ಉದ್ದದ ಒಂದು ಪಟ್ಟಿ. ಅದರ ನಡುವಿಗಿಂತ ಕೊಂಚ ಮುಂದೆ 15 ಸೆಂಟಿಮೀಟರಿನ ಅಡ್ಡಪಟ್ಟಿ. ಅಡ್ಡಪಟ್ಟಿಯ ಎರಡು ತುದಿಗಳಿಂದ ತಲೆಗೆ, ಕಿವಿಗಳ ಮೇಲ್ಭಾಗಕ್ಕೆ, ಎರಡು ದಾರ. ಅಡ್ಡಪಟ್ಟಿಯ ಹಿಂದೆ ಉದ್ದಪಟ್ಟಿಯ ಒಂದೇ ಬಿಂದುವಿನಿಂದ ಎರಡು ಭುಜಗಳಿಗೆ ಎರಡು ದಾರ. ಮೈಭಾರವನ್ನು ಹೊರುವವು ಇವೇ. ಉದ್ದಪಟ್ಟಿಯ ಹಿಂತುದಿಯಿಂದ ಬೆನ್ನಿನ ಕೆಳಭಾಗಕ್ಕೆ ಒಂದು. ಮುಂತುದಿಯಿಂದ ಕೈಗಳಿಗೆ ಎರಡು. ಮೊಣಕಾಲುಗಳ ಎರಡು ದಾರಗಳಿಗೆ 18 ಸೆಂಟಿಮೀಟರಿನ ಬೇರೆಯೇ ಒಂದು ಪಟ್ಟಿ; ಕೆಲಸವಿಲ್ಲದಾಗ ಅದು ಮುಂಭಾಗದ ಕೊಕ್ಕೆಗೆ ತೂಗುತ್ತಿರುತ್ತದೆ.

ಈ ಏರ್ಪಾಡಿನ ಅರ್ಥವನ್ನು ಯೋಚಿಸಿ ನೋಡಿದರೆ ಹಿಡಿಯೇ ಒಂದು ಸನ್ನೆಗೋಲೆಂಬುದು ಹೊಳೆಯುತ್ತದೆ. ಮುಂತುದಿಯನ್ನು ಸ್ವಲ್ಪ ತಗ್ಗಿಸಿದರೆ ತಲೆಯ ದಾರಗಳು ಸಡಿಲವಾಗಿ ತಲೆ ಬಾಗುತ್ತದೆ: ಇದು ಒಪ್ಪಿಗೆ. ಇನ್ನೂ ತಗ್ಗಿಸಿ, ಹಿಂತುದಿಯನ್ನು ಎತ್ತಿ, ಕೈಯನ್ನು ಕೊಂಚ ಇಳಿಸಿದರೆ ಭಾರವೆಲ್ಲ ಬೆನ್ನಿನ ದಾರಕ್ಕೆ ಹೋಗಿ ಎದೆ ಮುಂದಕ್ಕೆ ಇಳಿಯುತ್ತದೆ: ಇದು ನಮಸ್ಕಾರ. ಹಿಡಿಯನ್ನು ಪಕ್ಕಕ್ಕೆ ಓರೆಮಾಡಿದರೆ ಒಂದು ಕಿವಿ ಮೇಲಾಗಿ ತಲೆ ವಾಲುತ್ತದೆ. ಭುಜದ ದಾರಗಳು ಒಂದೇ ಬಿಂದುವಿನಲ್ಲಿರುವುದರಿಂದ ಮೈ ಮಾತ್ರ ಅಲುಗುವುದಿಲ್ಲ. ತಲೆಯ ದಾರಗಳ ಸ್ಥಾನವನ್ನು ಮೊದಲು ಗುಂಡುಸೂಜಿಯಿಂದ ಪರೀಕ್ಷಿಸಿರಿ. ತೀರ ಮುಂದೆ ಕಟ್ಟಿದರೆ ಗೊಂಬೆ ಸೂರನ್ನು ನೋಡುತ್ತದೆ, ತೀರ ಹಿಂದೆ ಕಟ್ಟಿದರೆ ಕಳೆದುಹೋದ ಕಾಸನ್ನು ನೆಲದಲ್ಲಿ ಹುಡುಕುತ್ತದೆ. ಮೊಣಕಾಲಿನ ದಾರವನ್ನು ಕೀಲಿಗೆ ಕಟ್ಟದೆ ಅದರ ಮೇಲೆ ತೊಡೆಯ ಮುಂಭಾಗಕ್ಕೆ ಕಟ್ಟಬೇಕು. ತೊಡೆಯನ್ನು ನಾವು ಎತ್ತುತ್ತೇವೆ. ಮೊಣಕಾಲನ್ನು ಮಡಿಸುವ ಕೆಲಸ ಭೂಮಿಯದು.

ದಾರ ಕಟ್ಟುವಾಗ ಹಿಡಿಯನ್ನು ಬಾಗಿಲ ಚೌಕಟ್ಟಿನ ಮೊಳೆಗೆ ತೂಗಹಾಕಿ, ಗೊಂಬೆಯ ಪಾದಗಳು ಮೇಜನ್ನು ಸರಿಯಾಗಿ ಮುಟ್ಟುವಂತೆ ನಿಲ್ಲಿಸಿಕೊಳ್ಳಿರಿ. ಮೊದಲು ಭುಜ, ಆಮೇಲೆ ತಲೆ, ಬೆನ್ನು, ಕೈ, ಕೊನೆಗೆ ಮೊಣಕಾಲು. ಗಂಟುಗಳನ್ನು ಬಿಚ್ಚುವಂತೆಯೇ ಹಾಕಿರಿ, ಏಕೆಂದರೆ ಮೊದಲ ದಿನ ಎಲ್ಲವನ್ನೂ ಎರಡು ಬಾರಿ ಬಿಚ್ಚಬೇಕಾಗುವುದು ಖಂಡಿತ. ನೈಲಾನಿನ ಮೀನುದಾರ ಗಟ್ಟಿಯೇನೋ ಹೌದು. ಆದರೆ ದೀಪದ ಬೆಳಕಿಗೆ ಮಿನುಗುತ್ತದೆ, ಒಮ್ಮೆ ಸುರುಳಿ ಬಿದ್ದರೆ ನೆಟ್ಟಗಾಗುವುದಿಲ್ಲ. ಕಪ್ಪು ಹೆಣೆದ ನೂಲಿಗೆ ಜೇನುಮೇಣ ಉಜ್ಜಿದರೆ ಕಪ್ಪು ಪರದೆಯ ಮುಂದೆ ಕಣ್ಣಿಗೆ ಕಾಣದು.

ಇನ್ನು ಆಡಿಸುವುದು. ಒಂದು ವಾರ ಗೊಂಬೆಯನ್ನು ನಿಲ್ಲಿಸುವುದನ್ನೇ ಕಲಿಯಬೇಕು. ಕೈ ಒಂದು ಬೆರಳಿನಷ್ಟು ಮೇಲಾದರೆ ಗೊಂಬೆ ತೇಲುತ್ತದೆ, ಕೆಳಗಾದರೆ ಮೊಣಕಾಲು ಕುಸಿಯುತ್ತದೆ. ಆಡಿಸುವವನ ಕಣ್ಣು ಗೊಂಬೆಯ ಪಾದದ ಮೇಲಿರಬೇಕೇ ಹೊರತು ಅದರ ಮುಖದ ಮೇಲಲ್ಲ.

ಆಮೇಲೆ ನಡಿಗೆ. ನಮ್ಮ ಭೀಮನ ಕಾಲು ಹೋಗಿ ಬರಲು 0.9 ಸೆಕೆಂಡು ಬೇಕೆಂದು ಕಂಡೆವು. ಒಂದು ಹೆಜ್ಜೆಗೆ ಅದರ ಅರ್ಧ, 0.45 ಸೆಕೆಂಡು. ಹೆಜ್ಜೆಯ ಉದ್ದ 11 ಸೆಂಟಿಮೀಟರು. ಎಂದರೆ ಅವನು ಸೆಕೆಂಡಿಗೆ ಸುಮಾರು 24 ಸೆಂಟಿಮೀಟರು ನಡೆಯಬಲ್ಲನು. ಎರಡು ಮೀಟರ್ ಅಗಲದ ರಂಗವನ್ನು ದಾಟಲು 8 ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಕೈಯನ್ನು ಇದಕ್ಕಿಂತ ಬೇಗ ಸರಿಸಿದರೆ ಕಾಲುಗಳು ಹಿಂದೆ ಎಳೆದುಕೊಂಡು ಬರುತ್ತವೆ. ನಿಧಾನಿಸಿದರೆ ನಿಂತಲ್ಲಿಯೇ ಕವಾಯತು ಮಾಡಿದಂತಾಗುತ್ತದೆ. ಗೊಂಬೆಯಾಟಕ್ಕೆ ಮಾತು ಬರೆಯುವವರು ಈ ಎಂಟು ಸೆಕೆಂಡುಗಳನ್ನು ತುಂಬಲು ಒಂದು ಪದವನ್ನಾಗಲಿ ಮದ್ದಳೆಯ ನುಡಿತವನ್ನಾಗಲಿ ಇಟ್ಟುಕೊಂಡಿರಬೇಕು. ನಾವು ಇದನ್ನು ಮರೆತು, ಪ್ರವೇಶಿಸಿದ ಕೂಡಲೆ ಭೀಮನಿಂದ ಮಾತಾಡಿಸಿದ್ದರಿಂದ, ಅವನು ಗರ್ಜನೆಯನ್ನೆಲ್ಲ ದಾರಿಯಲ್ಲಿಯೇ ಮುಗಿಸಿ ರಂಗದ ನಡುವೆ ಬಂದು ಸುಮ್ಮನೆ ನಿಂತದ್ದುಂಟು.

ಗೊಂಬೆ ನಿಂತಾಗ ಮತ್ತೊಂದು ತೊಡಕು ಹುಟ್ಟುತ್ತದೆ. ಈಗ ಕಾಲಲ್ಲ, ಇಡೀ ಗೊಂಬೆಯೇ ಲೋಲಕ. ಕೈಯಿಂದ ಗೊಂಬೆಯ ಗುರುತ್ವಕೇಂದ್ರಕ್ಕೆ 1 ಮೀಟರ್ ದೂರವಿದ್ದರೆ, ಥಟ್ಟನೆ ನಿಲ್ಲಿಸಿದ ಗೊಂಬೆ ಎರಡು ಸೆಕೆಂಡಿಗೊಮ್ಮೆ ಹಿಂದೆ ಮುಂದೆ ಜೋಲಿ ಹೊಡೆಯುತ್ತಿರುತ್ತದೆ. ದಾರ ಉದ್ದವಾದಷ್ಟೂ ಜೋಲಿ ನಿಧಾನ, ಜಡತ್ವದ ಹಟ ಮಾತ್ರ ಅಷ್ಟೇ. ಉಪಾಯವೇನೆಂದರೆ, ಕೈಯನ್ನು ಒಮ್ಮೆಲೆ ನಿಲ್ಲಿಸಬಾರದು. ಗೊಂಬೆ ಮುಂದಕ್ಕೆ ತೂಗಿದ ಕ್ಷಣದಲ್ಲಿ ಕೈಯನ್ನು ಅದರ ಮೇಲಕ್ಕೆ ಒಂದಿಷ್ಟು ಸರಿಸಿ, ಕೂಡಲೆ ಒಂದು ಕೂದಲೆಳೆಯಷ್ಟು ತಗ್ಗಿಸಬೇಕು. ಪಾದಗಳು ನೆಲವನ್ನು ಒತ್ತುತ್ತವೆ, ಘರ್ಷಣೆ ಉಳಿದುದನ್ನು ನುಂಗುತ್ತದೆ. ಹೆಜ್ಜೆಯಿಡುವಾಗ ನಮಗೆ ಶತ್ರುವಾದ ಘರ್ಷಣೆ ಇಲ್ಲಿ ಮಿತ್ರ.

ರಂಗದಲ್ಲಿ ಎರಡು ಗೊಂಬೆಗಳಿದ್ದಾಗ ಮಾತಾಡುವ ಗೊಂಬೆ ಮಾತ್ರ ಅಲುಗಬೇಕು. ಎರಡರ ತುಟಿಯೂ ಆಡುವುದಿಲ್ಲವಾದ್ದರಿಂದ ಮಾತು ಯಾರದೆಂದು ಪ್ರೇಕ್ಷಕನಿಗೆ ತಿಳಿಯುವುದು ಅಲುಗಾಟದಿಂದಲೇ. ಕೇಳುವ ಗೊಂಬೆ ಕಲ್ಲಿನಂತೆ ನಿಂತು, ಮುಖ್ಯವಾದ ಮಾತಿಗೆ ಒಮ್ಮೆ ತಲೆ ತಿರುಗಿಸಿದರೆ, ಅದು ಕೇಳಿಸಿಕೊಂಡಿತೆಂದು ಮಕ್ಕಳು ನಂಬಿಬಿಡುತ್ತಾರೆ.

ಎರಡನೆಯ ಭೀಮನನ್ನು ಅದೇ ಶಾಲೆಗೆ ಕೊಂಡೊಯ್ದೆವು. ಅವನ ಮುಖ ಹಳೆಯದೇ. ಕಾಲುಗಳು ಮಾತ್ರ ಹೊಸವು. ಪರದೆ ಸರಿದಾಗ ಹಲಗೆಯ ಮೇಲೆ ಅವನ ಪಾದದ ನಟ್ಟುಗಳು ಟಕ್ ಟಕ್ ಎಂದವು. ಎಂಟು ಸೆಕೆಂಡು ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಚಿಕ್ಕ ಹುಡುಗನೊಬ್ಬ ಕಾಲುಗಳನ್ನು ಹಿಂದಕ್ಕೆಳೆದುಕೊಂಡನು.

ಆಟ ಮುಗಿದ ಮೇಲೆ ಗೊಂಬೆಯನ್ನು ಹಾಗೆಯೇ ಪೆಟ್ಟಿಗೆಯಲ್ಲಿ ಹಾಕಬೇಡಿರಿ; ಒಂಬತ್ತು ದಾರಗಳ ಸಿಕ್ಕನ್ನು ಬಿಡಿಸುವುದು ಗೊಂಬೆ ಮಾಡುವುದಕ್ಕಿಂತ ಕಷ್ಟ. ಹಿಡಿಯನ್ನು ಎತ್ತಿ ಹಿಡಿದು ಗೊಂಬೆಯನ್ನು ಒಂದೇ ದಿಕ್ಕಿಗೆ ಹತ್ತಿಪ್ಪತ್ತು ಸುತ್ತು ತಿರುಗಿಸಿದರೆ ದಾರಗಳೆಲ್ಲ ಹುರಿಯಾಗಿ ಸೇರಿಕೊಳ್ಳುತ್ತವೆ. ಮೇಲೊಂದು ಬಟ್ಟೆಯ ಚೀಲವನ್ನು ತೊಡಿಸಿ ಗೂಟಕ್ಕೆ ತೂಗಹಾಕಿರಿ. ಮತ್ತೆ ಬೇಕಾದಾಗ ಚೀಲ ತೆಗೆದು ಕೈಬಿಟ್ಟರೆ, ಅದೇ ಸುತ್ತುಗಳನ್ನು ಅದು ತಾನಾಗಿಯೇ ಹಿಂದಕ್ಕೆ ತಿರುಗಿ ಬಿಚ್ಚಿಕೊಳ್ಳುತ್ತದೆ.